ನಿಂತುಹೋದ ಬಣ್ಣಕ್ಕೆ ಜೋಡಿ ಹುಡುಕುವುದು ಹೇಗೆ?

ಮಾಡೆಲ್ ರೈಲು ಕಟ್ಟುವವರ ಹಳೆಯ ಕೈಪಿಡಿಗಳಲ್ಲಿ ಫ್ಲಾಕ್ವಿಲ್, ಪಾಲಿ ಸ್ಕೇಲ್ ಬಣ್ಣಗಳದ್ದೇ ಹೆಸರು. ಟೆಸ್ಟರ್ಸ್ ಕಂಪನಿ ಇವೆರಡನ್ನೂ 2013ರಲ್ಲಿ ನಿಲ್ಲಿಸಿತು. ಈಗ ಕಲಬುರಗಿಯಲ್ಲಿ ಕೂತು ‘ಗ್ರೈಮಿ ಬ್ಲ್ಯಾಕ್’ (ಮಸಿ ಹಿಡಿದಂಥ ಕಪ್ಪು) ಬೇಕೆಂದು ಹೈದರಾಬಾದಿನಿಂದ ತರಿಸಿದರೂ, ಬೇರೆ ಕಂಪನಿಯ ಅದೇ ಹೆಸರಿನ ಶೀಶೆಯಲ್ಲಿ ಅದೇ ಬಣ್ಣ ಇರುತ್ತದೆಂಬ ಖಾತ್ರಿಯಿಲ್ಲ. ಹೆಸರನ್ನು ಬಿಟ್ಟು, ಒಣಗಿದ ಬಣ್ಣಕ್ಕೆ ಒಣಗಿದ ಬಣ್ಣವನ್ನು ಹೊಂದಿಸಿ.

ಮೊದಲು ನಮೂನೆ ಬೇಕು. ಹಳೆಯ ಶೀಶೆಯಲ್ಲಿ ತಳ ಹಿಡಿದಷ್ಟಾದರೂ ಬಣ್ಣ ಉಳಿದಿದ್ದರೆ ಚೆನ್ನಾಗಿ ಕಲಕಿ ಪ್ಲಾಸ್ಟಿಕ್ ತುಂಡಿನ ಮೇಲೆ ಬಳಿದಿಡಿ. ಅದೂ ಇಲ್ಲದಿದ್ದರೆ ಹಳೆಯ ವ್ಯಾಗನ್ನಿನ ಅಡಿಭಾಗ ನೋಡಿ, ಅಲ್ಲಿ ಬಿಸಿಲು ತಾಗಿ ಬಣ್ಣ ಮಾಸಿರುವುದಿಲ್ಲ. ಫೋನಿನ ಫೋಟೊ ನಂಬಬೇಡಿ, ಪರದೆಯಿಂದ ಪರದೆಗೆ ಬಣ್ಣ ಬದಲಾಗುತ್ತದೆ. ನಮ್ಮ ದೇಶದ ರೈಲುಗಳ ಮಾಡೆಲ್ ಮಾಡುವವರಿಗೆ ಐಎಸ್ 5 ಎಂಬ ಭಾರತೀಯ ಮಾನಕದ ಶೇಡ್ ಕಾರ್ಡ್ ಒಳ್ಳೆಯ ಆಧಾರ. ಅದರಲ್ಲಿ ಒಂದೊಂದು ಬಣ್ಣಕ್ಕೂ ಒಂದು ನಂಬರ್ ಇದೆ. 537 ಎಂದರೆ ಸಿಗ್ನಲ್ ರೆಡ್.

ಬೆರೆಸುವ ಮುಂಚೆ ಬಣ್ಣದ ಜಾತಿ ನೋಡಿ. ಹೆಚ್ಚು ಬಣ್ಣ ಹಾಳಾಗುವುದು ಇಲ್ಲಿಯೇ. ಟಮಿಯಾ ಕಂಪನಿಯ ಆ್ಯಕ್ರಿಲಿಕ್ ಆಲ್ಕೊಹಾಲ್ ಇರುವ ಥಿನ್ನರ್‌ಗೆ, ಅಂದರೆ ಬಣ್ಣ ತೆಳುವಾಗಿಸುವ ದ್ರವಕ್ಕೆ, ಒಗ್ಗುತ್ತದೆ. ವಲೆಹೊ ಕಂಪನಿಯ ‘ಮಾಡೆಲ್ ಕಲರ್’ ಬಣ್ಣಕ್ಕೆ ಅದೇ ಥಿನ್ನರ್ ಹಾಕಿದರೆ ಹಾಲು ಒಡೆದಂತೆ ಗಂಟುಗಂಟಾಗಿ ಏರ್‌ಬ್ರಷ್‌ನ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನದ) ಮೂತಿ ಕಟ್ಟುತ್ತದೆ. ಹಾಗಾಗಿ ಒಂದು ಮಿಶ್ರಣದಲ್ಲಿ ಒಂದೇ ಕಂಪನಿಯ ಬಣ್ಣ, ಅದೇ ಕಂಪನಿಯ ಥಿನ್ನರ್. ಒಣಗಿದ ಎನಾಮೆಲ್ (ಎಣ್ಣೆ ಆಧಾರದ ಬಣ್ಣ) ಮೇಲೆ ಲ್ಯಾಕರ್ (ತೀಕ್ಷ್ಣ ದ್ರಾವಕದ ಬಣ್ಣ) ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಕ್ರಾಫ್ಟ್ ಅಂಗಡಿಯ ಆ್ಯಕ್ರಿಲಿಕ್ ಅಗ್ಗವೇನೋ ಹೌದು, ಆದರೆ ಅದರ ಕಣ ದಪ್ಪ. ಕುಂಚಕ್ಕೆ ನಡೆಯುತ್ತದೆ, ಏರ್‌ಬ್ರಷ್‌ಗೆ ಹಾಕುವುದಿದ್ದರೆ ನೈಲಾನ್ ಬಟ್ಟೆಯಲ್ಲಿ ಸೋಸಲೇಬೇಕು.

ಗ್ರೈಮಿ ಬ್ಲ್ಯಾಕ್‌ಗೆ ಟಮಿಯಾದ ಜರ್ಮನ್ ಗ್ರೇ, ಅಂದರೆ ಶೀಶೆಯ ನಂಬರ್ ಎಕ್ಸ್‌ಎಫ್-63ರಿಂದ ಶುರು ಮಾಡಿ. ನೀಲಿ ಛಾಯೆ ಹೊಡೆದರೆ 10 ಹನಿಗೆ ರೆಡ್ ಬ್ರೌನ್ ಎಕ್ಸ್‌ಎಫ್-64 ಒಂದು ಹನಿ ಸೇರಿಸಿ. ಬಾಕ್ಸ್‌ಕಾರ್ ರೆಡ್‌ಗೆ (ಮುಚ್ಚಿದ ಸರಕು ವ್ಯಾಗನ್ನಿನ ಕಂದುಗೆಂಪಿಗೆ) ಹಲ್ ರೆಡ್ ಎಕ್ಸ್‌ಎಫ್-9 ಹತ್ತಿರದ್ದು, ಕೆಂಪು ಸಾಲದಿದ್ದರೆ ಫ್ಲಾಟ್ ರೆಡ್ ಎಕ್ಸ್‌ಎಫ್-7 ಹನಿಹನಿಯಾಗಿ ಬೆರೆಸಿ. ಇವು ಆರಂಭದ ಅಳತೆಗಳಷ್ಟೇ, ಕೊನೆಯ ತೀರ್ಪು ನಮೂನೆಯದ್ದು. ಯಾವಾಗಲೂ ತಿಳಿ ಬಣ್ಣಕ್ಕೆ ಗಾಢ ಬಣ್ಣ ಸೇರಿಸುತ್ತಾ ಹೋಗಿ. ತಿರುಗಾಮುರುಗಾ ಮಾಡಿದರೆ ಸರಿಪಡಿಸಲು ಅರ್ಧ ಶೀಶೆ ಬಿಳಿ ಸುರಿಯಬೇಕಾಗುತ್ತದೆ. ಅಳತೆಗೆ 1 ಮಿ.ಲೀ. ಸಿರಿಂಜ್ ಸಾಕು.

ಪುಟ್ಟ ಮಾಡೆಲ್ ಮೇಲೆ ನಿಜವಾದ ಬಣ್ಣ ಕಣ್ಣಿಗೆ ಇನ್ನೂ ಗಾಢವಾಗಿ ಕಾಣುತ್ತದೆ. 1:87 ಅಳತೆಯ ಎಚ್‌ಒ ಮಾಡೆಲ್‌ಗೆ 10 ಹನಿಗೆ ಒಂದು ಹನಿ ತಿಳಿ ಬಣ್ಣ ಬೆರೆಸಿ ನೋಡಿ. ಕೆಂಪಿಗೆ ಬಿಳಿ ಬೇಡ, ಗುಲಾಬಿಯಾಗುತ್ತದೆ. ಬಫ್ (ತಿಳಿ ಹಳದಿಗಂದು) ಎಕ್ಸ್‌ಎಫ್-57 ಹಾಕಿ.

ಪರೀಕ್ಷೆಯ ತುಂಡಿಗೆ, ವ್ಯಾಗನ್ನಿಗೆ ಹಚ್ಚುವ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಅನ್ನೇ ಹಚ್ಚಿ. ಬೂದು ಪ್ರೈಮರ್ ಮೇಲೆ ಒಂದು, ಬಿಳಿ ಮೇಲೆ ಇನ್ನೊಂದು ಬಣ್ಣ ಕಂಡೀತು. ಒಂದು ದಿನ ಒಣಗಲು ಬಿಟ್ಟು, ನಮೂನೆಯ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲೂ ಎಲ್‌ಇಡಿ ದೀಪದಡಿಯಲ್ಲೂ ನೋಡಿ. ಅಂಗಳದಲ್ಲಿ ಒಂದೇ ಎನಿಸಿದ ಎರಡು ಬಣ್ಣ ದೀಪದಡಿ ಬೇರೆಯಾಗಬಹುದು, ಏಕೆಂದರೆ ಅವುಗಳ ವರ್ಣದ್ರವ್ಯ ಬೇರೆ. ಮಾಡೆಲ್ ಇರುವ ಕೋಣೆಯ ಬೆಳಕಿನಲ್ಲಿ ಹೊಂದಿದರೆ ಸಾಕು.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಬಣ್ಣ ಗಾಳಿಯಲ್ಲೇ ಒಣಗಿ ಮೇಲ್ಮೈ ತರಿತರಿಯಾಗುತ್ತದೆ, ಛಾಯೆಯೂ ಬಿಳಿಚಿದಂತೆ ಕಾಣುತ್ತದೆ. ಅದನ್ನು ನೋಡಿ ಮಿಶ್ರಣ ತಪ್ಪಾಯಿತೆಂದು ತಿದ್ದಲು ಹೋಗಬೇಡಿ. ನಸುಕಿನಲ್ಲಿ ಕೆಲಸ ಮುಗಿಸಿ, 10 ಸೆಂ.ಮೀ. ದೂರದಿಂದ, 15 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ಹೊಡೆಯಿರಿ. ರಿಟಾರ್ಡರ್ ಕೆಲವು ಹನಿ ಬೆರೆಸಿದರೆ ಒಣಗುವುದು ನಿಧಾನವಾಗುತ್ತದೆ. ಧೂಳಿಗೆ ನೆಲದ ಮೇಲೆ ನೀರು ಚಿಮುಕಿಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ಉರಿಯುವ ಎಣ್ಣೆ ದೀಪ ಇರಬಾರದು.

ಹಳಿ ಪಕ್ಕದ ನೆಲಕ್ಕೆ ಬಣ್ಣ ಹುಡುಕುವ ಅಗತ್ಯವೇ ಇಲ್ಲ. ಬೀದರ್‌ನ ಕೆಂಪು ಮಣ್ಣು, ಯಾದಗಿರಿ ಕಡೆಯ ಎರೆಮಣ್ಣು, ಶಹಾಬಾದ್ ಕಲ್ಲಿನ ಪುಡಿ ಒಣಗಿಸಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಸಾಕು. ವಾಡಿಯ ಸಿಮೆಂಟ್ ವ್ಯಾಗನ್ ಮಾಡುವವರು ಮೇಲೆ ಬೂದು ಪುಡಿ ಒತ್ತಿ, ಮ್ಯಾಟ್ ವಾರ್ನಿಷ್ ಹೊಡೆಯಿರಿ. ವಾರ್ನಿಷ್ ಬಿದ್ದ ಮೇಲೆ ಪುಡಿ ಮಂಕಾಗುತ್ತದೆ, ಆದ್ದರಿಂದ ತುಸು ಧಾರಾಳವಾಗಿಯೇ ಹಾಕಿ.

ಇಡೀ ಗಾಡಿಗೆ ಬೇಕಾದಷ್ಟು ಬಣ್ಣ ಒಂದೇ ಸಲ ಬೆರೆಸಿಕೊಳ್ಳಿ, ಎರಡನೇ ಮಿಶ್ರಣ ಹೂಬೇಹೂಬು ಬರುವುದಿಲ್ಲ. ಹನಿಗಳ ಲೆಕ್ಕ, ಕಂಪನಿ, ಪ್ರೈಮರ್, ತಾರೀಖು ಇಷ್ಟನ್ನೂ ಪರೀಕ್ಷೆಯ ತುಂಡಿನ ಹಿಂದೆಯೇ ಬರೆದಿಡಿ.