ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು: ನನ್ನ ಅನುಭವ

ಸಕಲೇಶಪುರದ ನಮ್ಮ ತೋಟದೊಳಗಿನ ಓಡಾಟಕ್ಕೆಂದು, ಹಳೆಯ ಮಾರುತಿ 800ರ 796 ಸಿಸಿ ಕಾರ್ಬುರೇಟರ್ ಎಂಜಿನ್ನನ್ನು ಪೈಪಿನ ಚಾಸಿಯ ಹಿಂಭಾಗದಲ್ಲಿ ಕೂರಿಸಿ ನಾನೇ ಒಂದು ಗಾಡಿ ಕಟ್ಟಿಕೊಂಡಿದ್ದೇನೆ. ಟ್ಯಾಂಕು ಮುಂದಿರುವುದರಿಂದ ಅಷ್ಟು ದೂರದಿಂದ ಪೆಟ್ರೋಲ್ ಎಳೆಯಲು ಎಂಜಿನ್ನಿನ ಮೆಕ್ಯಾನಿಕಲ್ ಪಂಪು ತಿಣುಕುತ್ತಿತ್ತು. ಅದನ್ನು ತೆಗೆದು ಟ್ಯಾಂಕಿನ ಪಕ್ಕದಲ್ಲಿ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು ಹಾಕಿದೆ. ಹಳೆಯದು ಎಂಜಿನ್ ನಿಂತೊಡನೆ ತಾನೂ ನಿಲ್ಲುತ್ತಿತ್ತು. ಹೊಸದಕ್ಕೆ ಆ ವಿವೇಕವಿಲ್ಲ. ಗಾಡಿ ಮಗುಚಿ ಪೈಪು ಹರಿದಿದ್ದರೂ ಕೀ ಆನ್ ಇರುವಷ್ಟು ಹೊತ್ತು ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಎಂಜಿನ್ ಜೊತೆಗೇ ಪಂಪೂ ನಿಲ್ಲಲೆಂದು ಮೊದಲು ಎಂಜಿನ್ನಿನಲ್ಲೇ ಇದ್ದ ಆಯಿಲ್ ಲ್ಯಾಂಪಿನ (ಆಯಿಲ್ ಒತ್ತಡ ಇಲ್ಲದಾಗ ಹೊತ್ತುವ ಎಚ್ಚರಿಕೆ ದೀಪದ) ಸ್ವಿಚ್ಚನ್ನು ಬಳಸಿದೆ. ಎಂಜಿನ್ ನಿಂತು ಆಯಿಲ್ ಒತ್ತಡ ಇಲ್ಲದಾಗ ಅದು ಅರ್ತ್ ಕೊಡುತ್ತದೆ (ವೈರನ್ನು ಎಂಜಿನ್ನಿನ ಲೋಹಕ್ಕೆ ಕೂಡಿಸುತ್ತದೆ), ಒತ್ತಡ ಬಂದಾಗ ಬಿಡುತ್ತದೆ. ಐದು ಪಿನ್ನಿನ ರಿಲೇಯ (ಕಾಯಿಲಿಗೆ ಕರೆಂಟು ಬಂದಾಗ ಎಳೆದು ಸಂಪರ್ಕ ಬದಲಿಸುವ ಸ್ವಿಚ್ಚಿನ) ಕಾಯಿಲನ್ನು ಇದಕ್ಕೆ ಸೇರಿಸಿ ಪಂಪಿನ ಕರೆಂಟನ್ನು, ರಿಲೇ ಎಳೆಯದಿರುವಾಗ ಕೂಡಿಕೊಂಡಿರುವ 87ಎ ಪಿನ್ನಿನಿಂದ ತೆಗೆದೆ. ಎಂಜಿನ್ ನಿಂತಾಗ ರಿಲೇ ಎಳೆದು ಪಂಪು ನಿಂತಿತು. ಆದರೆ ಪರೀಕ್ಷೆಗೆಂದು ಕೀ ಆನ್ ಇಟ್ಟು ಸ್ವಿಚ್ಚಿನ ವೈರನ್ನು ಕಿತ್ತಾಗ ಪಂಪು ಟಕಟಕನೆ ಓಡತೊಡಗಿತು. ಗಾಡಿ ಗುದ್ದಿದಾಗ ಮೊದಲು ಹರಿಯುವುದು ಇಂಥ ವೈರೇ ಅಲ್ಲವೇ?

ಹಾಗಾಗಿ ಒತ್ತಡ ಬಂದಾಗ ಮಾತ್ರ ಕೂಡಿಕೊಳ್ಳುವ ಇನ್ನೊಂದು ಸ್ವಿಚ್ಚನ್ನು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಹಳೆಯದರ ಜೊತೆಗೇ ಕೂರಿಸಿ, ರಿಲೇಯ ಕಾಯಿಲಿಗೆ ಅದರ ಮೂಲಕವೇ ಕರೆಂಟು ಹೋಗುವಂತೆ ಮಾಡಿ, ಪಂಪನ್ನು, ರಿಲೇ ಎಳೆದಾಗ ಮಾತ್ರ ಕೂಡಿಕೊಳ್ಳುವ 87ನೇ ಪಿನ್ನಿಗೆ ಬದಲಾಯಿಸಿದೆ. ಈಗ ಯಾವ ವೈರು ಕಿತ್ತರೂ ಪಂಪು ನಿಲ್ಲುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಫ್ಲೋಟ್ ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಒಣಗಿರುವುದರಿಂದ, ಆಯಿಲ್ ಒತ್ತಡ ಬರುವ ಮೊದಲೇ, ಸ್ಟಾರ್ಟ್ ಮಾಡುವಾಗ ಪಂಪು ಓಡಲೆಂದು ಸ್ಟಾರ್ಟರ್ ಸೊಲೆನಾಯ್ಡಿನ (ಸ್ಟಾರ್ಟರ್ ಮೋಟಾರನ್ನು ಓಡಿಸುವ ಸ್ವಿಚ್ಚಿನ) ಸಣ್ಣ ವೈರಿನಿಂದಲೂ ಕಾಯಿಲಿಗೆ ಒಂದು ಕವಲು ಎಳೆಯಲು ಹೊರಟಿದ್ದೆ. ನನ್ನ ನೋಟ್‌ಬುಕ್ಕಿನ ಚಿತ್ರವನ್ನು ನೋಡಿದ ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಅಲ್ಲಿಗೇ ಬೆರಳಿಟ್ಟು, "ಸಾರ್, ಎಂಜಿನ್ ಓಡ್ತಾ ಇರುವಾಗ ಇದೇ ದಾರೀಲಿ ಕರೆಂಟು ಸ್ಟಾರ್ಟರಿಗೆ ವಾಪಸ್ ಹೋಗಲ್ವಾ?" ಎಂದರು. ಆ ಕವಲಿನಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಕೂತಿದ್ದು ಅವರಿಂದಲೇ.

ಗುದ್ದಿದ ಮೇಲೂ ಎಂಜಿನ್ ಓಡುತ್ತಿದ್ದರೆ ಆಯಿಲ್ ಒತ್ತಡ ಇದ್ದೇ ಇರುತ್ತದೆ. ಅದಕ್ಕಾಗಿ ಪಂಪಿನ ಲೈನಿನಲ್ಲೇ ಒಂದು ಇನರ್ಷಿಯಾ ಸ್ವಿಚ್ ಸೇರಿಸಿದೆ. ಅದರೊಳಗೆ ಅಯಸ್ಕಾಂತ ಹಿಡಿದಿಟ್ಟಿರುವ ಉಕ್ಕಿನ ಗುಂಡು ಹೊಡೆತಕ್ಕೆ ಜಿಗಿದು ಸಂಪರ್ಕವನ್ನು ತಪ್ಪಿಸುತ್ತದೆ. ಮೊದಲು ಇದನ್ನು ತೆಳು ತಗಡಿಗೆ ಬಿಗಿದಿದ್ದೆ; ತಗಡಿನ ಅದುರಿಗೆ ಪ್ರತಿ ಚರಂಡಿಯಲ್ಲೂ ಕಟ್ ಆಗುತ್ತಿತ್ತು. ಚಾಸಿಯ ಪೈಪಿಗೇ ಬ್ರಾಕೆಟ್ ವೆಲ್ಡ್ ಮಾಡಿ, ನೆಟ್ಟಗೆ ನಿಲ್ಲಿಸಿದ ಮೇಲೆ ಆ ಕಾಟ ತಪ್ಪಿತು.

ಇನರ್ಷಿಯಾ ಸ್ವಿಚ್ಚನ್ನು ಪರೀಕ್ಷಿಸುವಾಗ ಎಂಜಿನ್ ನಿಲ್ಲಲಿ ಎಂದು ಕಾಯಬಾರದು, ಫ್ಲೋಟ್ ಬೌಲಿನ ಪೆಟ್ರೋಲಿನಲ್ಲಿ ಅದು ಇನ್ನೂ ಸ್ವಲ್ಪ ಹೊತ್ತು ಓಡುತ್ತದೆ. ಪಂಪಿನ ಮೇಲೆ ಕೈಯಿಟ್ಟು ನೋಡಬೇಕು. ಕಟ್ ಆದ ಸ್ವಿಚ್ಚನ್ನು ಮತ್ತೆ ಕೂಡಿಸುವ ರೀಸೆಟ್ ಬಟನ್ ಸೀಟಿನಿಂದ ಕೈಗೆ ಎಟುಕುವಂತಿದೆಯಾದರೂ, ಕೆಳಗಿಳಿದು ಪೈಪಿನುದ್ದಕ್ಕೂ ಸೋರಿಕೆ ನೋಡಿ ಬಂದ ಮೇಲೆಯೇ ಅದನ್ನು ಒತ್ತುತ್ತೇನೆ.