ಹಳೆ ಪಿಕಪ್‌ಗೆ ನಾಲ್ಕನೇ ಗೇರು: ಟಿಎಚ್350 ಇಳಿಸಿ 700ಆರ್4 ಕೂರಿಸುವುದು ಹೇಗೆ?

ಅಮೆರಿಕದ ಶೆವ್ರೊಲೆ ಸಿ-10 ಪಿಕಪ್ 1973ರಿಂದ 1987ರವರೆಗೆ ಹೆಚ್ಚುಕಡಿಮೆ ಒಂದೇ ಮೈಕಟ್ಟಿನಲ್ಲಿ ಬಂತು. ಅದರ ವಿ-8 ಎಂಜಿನ್ ಗಟ್ಟಿಮುಟ್ಟು, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಹೆದ್ದಾರಿಗೆ ಇಳಿದಾಗ ಮಾತ್ರ ತಲೆನೋವು. ಈ ಗಾಡಿಗಳಲ್ಲಿ ಹಲವಕ್ಕೆ ಇರುವುದು ಟಿಎಚ್350 ಎಂಬ ಮೂರು ಗೇರಿನ ಆಟೊಮ್ಯಾಟಿಕ್. ಮೂರನೆಯದೇ ಕೊನೆ, ಅದರ ಅನುಪಾತ 1.00. ಹಿಂದಿನ ಆಕ್ಸಲ್ಲಿನ ಗೇರು ಅನುಪಾತ 3.73 ಇದ್ದು ಟೈರಿನ ಎತ್ತರ 29 ಇಂಚಿದ್ದರೆ, ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,800 ಸುತ್ತು ತಿರುಗುತ್ತದೆ. ಕ್ಯಾಬಿನ್ನಿನಲ್ಲಿ ಕೂತವರು ಕೂಗಿ ಮಾತನಾಡಬೇಕು, ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ.

ಇದಕ್ಕೆ ಜನರಲ್ ಮೋಟರ್ಸ್ ಕಂಪನಿಯೇ 1982ರಲ್ಲಿ ಮದ್ದು ತಂದಿತ್ತು. ಅದೇ 700ಆರ್4. ನಾಲ್ಕು ಗೇರು, ಕೊನೆಯದು ಓವರ್‌ಡ್ರೈವ್, ಅಂದರೆ ಎಂಜಿನ್ನಿಗಿಂತ ಗೇರು ಪೆಟ್ಟಿಗೆಯ ಹಿಂದಿನ ಶಾಫ್ಟ್ ವೇಗವಾಗಿ ತಿರುಗುವ ಗೇರು; ಅನುಪಾತ 0.70. ಮೇಲಿನ ಲೆಕ್ಕದಲ್ಲಿ 2,800 ಸುತ್ತು 2,000ದ ಒಳಗೆ ಬರುತ್ತದೆ. ಮೊದಲ ಗೇರು ಕೂಡ 2.52ರಿಂದ 3.06ಕ್ಕೆ ಏರುವುದರಿಂದ ಭಾರ ಹೊತ್ತ ಗಾಡಿ ನಿಂತಲ್ಲಿಂದ ಹೊರಡುವಾಗ ಏದುಸಿರು ಬಿಡುವುದಿಲ್ಲ.

ಆದರೆ ಹಣ ಬಿಚ್ಚುವ ಮುನ್ನ ಹಿಂದಿನ ಆಕ್ಸಲ್ ಯಾವುದೆಂದು ನೋಡಿಕೊಳ್ಳಿ. ಗ್ಲೋವ್ ಬಾಕ್ಸಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಅದರ ಸಂಕೇತ ಇರುತ್ತದೆ. ಚೀಟಿ ಹರಿದುಹೋಗಿದ್ದರೆ ಹೌಸಿಂಗ್ ಕವರ್ ಬಿಚ್ಚಿ ಹಲ್ಲು ಎಣಿಸಿ. ಕ್ರೌನ್‌ಗೆ 41, ಪಿನಿಯನ್‌ಗೆ 11 ಇದ್ದರೆ ಅದು 3.73. ನಿಮ್ಮದು 3.08 ಆಗಿದ್ದರೆ ಓವರ್‌ಡ್ರೈವ್‌ನಲ್ಲಿ ಎಂಜಿನ್ 1,600ರ ಆಸುಪಾಸಿಗೆ ಇಳಿದು, ಸಣ್ಣ ಏರಿಗೂ ತಿಣುಕುತ್ತದೆ. ಅಂಥ ಗಾಡಿಗೆ ಆಕ್ಸಲ್ಲನ್ನೂ ಬದಲಿಸದೆ ಈ ಕೆಲಸಕ್ಕೆ ಕೈಹಾಕುವುದು ದಂಡ.

ಯಾವ ವರ್ಷದ ಗೇರು ಪೆಟ್ಟಿಗೆ?

ಗುಜರಿಯಲ್ಲಿ 700ಆರ್4 ಸಿಕ್ಕಿತೆಂದು ಕಣ್ಣುಮುಚ್ಚಿ ತರಬೇಡಿ. 1982ರಿಂದ 1984ರವರೆಗಿನವುಗಳ ಇನ್‌ಪುಟ್ ಶಾಫ್ಟ್‌ಗೆ 27 ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೆ ಕೊರೆದ ಹಲ್ಲು), ಅದು ದುರ್ಬಲ. 1985ರಿಂದ 30 ಸ್ಪ್ಲೈನ್ ಬಂತು, 1987ರಿಂದ ಒಳಗೆ ಆಯಿಲ್ ಹರಿವನ್ನು ನಿಯಂತ್ರಿಸುವ ಸಹಾಯಕ ವಾಲ್ವ್ ಬಾಡಿಯೂ ಸೇರಿತು. 1987ರಿಂದ ಈಚಿನದನ್ನೇ ಹುಡುಕಿ. 1990ರ ಹೊತ್ತಿಗೆ ಇದರ ಹೆಸರು 4ಎಲ್60 ಎಂದಾಯಿತು, ಪೆಟ್ಟಿಗೆ ಅದೇ. ಹೆಸರಿನ ಕೊನೆಗೆ ‘ಇ’ ಇರುವ 4ಎಲ್60ಇ ಬೇರೆ ಜಾತಿ. ಅದರ ಗೇರುಗಳನ್ನು ಬದಲಿಸುವುದು ಕಂಪ್ಯೂಟರ್. ಕಾರ್ಬುರೇಟರ್ ಗಾಡಿಗೆ ಅದನ್ನು ಹಾಕಿದರೆ ಪ್ರತ್ಯೇಕ ಕಂಟ್ರೋಲರ್, ಸೆನ್ಸರ್, ವೈರಿಂಗ್ ಎಲ್ಲವೂ ಬೇಕು. ಒಳ್ಳೆಯ ಪೆಟ್ಟಿಗೆಯೇ, ಆದರೆ ಹಳೆ ಗಾಡಿಯನ್ನು ಹಳೆ ರೀತಿಯಲ್ಲೇ ಇಟ್ಟುಕೊಳ್ಳುವವರಿಗೆ ನನ್ನ ಶಿಫಾರಸು ಕಂಪ್ಯೂಟರ್ ಬದಲು ಕೇಬಲ್ಲಿನಿಂದ ನಡೆಯುವ 700ಆರ್4 ಪೆಟ್ಟಿಗೆಯೇ.

ಇನ್ನೊಂದು ಬಲೆ ಇದೆ. ಕೆಲವು ಸಣ್ಣ ವಿ-6 ಗಾಡಿಗಳಿಗೂ 700ಆರ್4 ಕೂರಿಸಿದ್ದರು. ಅವುಗಳ ಬೆಲ್ ಹೌಸಿಂಗ್‌ನ (ಎಂಜಿನ್ನಿಗೆ ಸೇರುವ ಪೆಟ್ಟಿಗೆಯ ಮುಂಭಾಗದ) ಬೋಲ್ಟ್ ತೂತುಗಳು ಶೆವ್ರೊಲೆ ವಿ-8ಕ್ಕೆ ಹೊಂದುವುದಿಲ್ಲ. ಯಾವ ಎಂಜಿನ್ನಿನಿಂದ ಬಿಚ್ಚಿದ್ದೆಂದು ಕೇಳಿಯೇ ದುಡ್ಡು ಕೊಡಿ.

ಬೆಂಚಿನ ಮೇಲೆ

ಹಳೆ ಪೆಟ್ಟಿಗೆ ಇನ್ನೂ ಓಡುತ್ತಿರುವಾಗಲೇ ಹೊಸದನ್ನು ಬೆಂಚಿನ ಮೇಲೆ ಬಿಚ್ಚಿ ಕಟ್ಟಿಟ್ಟುಕೊಳ್ಳುವುದು ಜಾಣತನ. ಗಾಡಿ ತಿಂಗಳುಗಟ್ಟಲೆ ಸ್ಟ್ಯಾಂಡಿನ ಮೇಲೆ ನಿಲ್ಲುವುದು ತಪ್ಪುತ್ತದೆ.

ಮೊದಲು ಕೆಳಗಿನ ಪ್ಯಾನ್ ಬಿಚ್ಚಿ ಅದರಲ್ಲಿರುವ ಕೆಸರು ನೋಡಿ. ಕಪ್ಪು ಹುಡಿ, ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟುಗಳು ಹೋಗಿವೆ. ಲೋಹದ ಚೂರುಗಳಿದ್ದರೆ ಗಟ್ಟಿ ಭಾಗವೇ ಮುರಿದಿದೆ. ಆಮೇಲೆ ವಾಲ್ವ್ ಬಾಡಿ, ಬ್ಯಾಂಡ್ ಬಿಗಿಯುವ ಸರ್ವೊ, ಮುಂದಿನ ಪಂಪು, ಅದರ ಹಿಂದೆ ಡ್ರಮ್ಮುಗಳು, ಬ್ಯಾಂಡ್, ಸನ್ ಶೆಲ್, ಪ್ಲಾನೆಟರಿ ಗೇರುಗಳು ಹೀಗೆ ಒಂದೊಂದಾಗಿ ಹೊರಬರುತ್ತವೆ. ತೆಗೆದ ಸಾಲಿನಲ್ಲೇ ಜೋಡಿಸಿಡಿ, ಪ್ರತಿ ಹಂತಕ್ಕೂ ಫೋಟೊ ಹೊಡೆಯಿರಿ. ವಾಲ್ವ್ ಬಾಡಿ ಎತ್ತುವಾಗ ಉದುರುವ ಸಣ್ಣ ಚೆಕ್ ಬಾಲ್‌ಗಳು ಯಾವ ಗುಳಿಯಲ್ಲಿದ್ದವೆಂಬುದು ಆಮೇಲೆ ನೆನಪಿನಿಂದ ಬರುವುದಿಲ್ಲ.

ಈ ಪೆಟ್ಟಿಗೆಯ ಕಾಯಿಲೆಗಳು ಮೆಕ್ಯಾನಿಕ್‌ಗಳಿಗೆಲ್ಲ ಪರಿಚಿತ. ಮೊದಲನೆಯದು 3-4 ಕ್ಲಚ್. ಮೂರನೇ ಮತ್ತು ನಾಲ್ಕನೇ ಗೇರು ಎರಡನ್ನೂ ಹಿಡಿಯುವುದು ಇದೇ ಪ್ಲೇಟುಗಳ ಗುಂಪಾದ್ದರಿಂದ ಮೊದಲು ಸುಡುವುದೂ ಇದೇ. ಎರಡನೆಯದು ಸನ್ ಶೆಲ್, ಅಂದರೆ ಡ್ರಮ್ಮಿನ ತಿರುಗುವಿಕೆಯನ್ನು ಪ್ಲಾನೆಟರಿಯ ಸನ್ ಗೇರಿಗೆ ದಾಟಿಸುವ ಲೋಹದ ಚಿಪ್ಪು. ಅದರ ಸ್ಪ್ಲೈನ್ ಸವೆದು ಜಾರಿದರೆ ಎರಡನೇ ಗೇರು, ನಾಲ್ಕನೇ ಗೇರು ಮತ್ತು ರಿವರ್ಸ್ ಒಟ್ಟಿಗೇ ಮಾಯ. ಮೊದಲನೇ ಮತ್ತು ಮೂರನೇ ಗೇರು ಮಾತ್ರ ಉಳಿದಿರುವ 700ಆರ್4 ಸಿಕ್ಕರೆ ಬಿಚ್ಚುವ ಮೊದಲೇ ರೋಗ ಗೊತ್ತಾದಂತೆ. ಮೂರನೆಯದು ಪಂಪಿನೊಳಗಿನ ತೆಳು ರಿಂಗುಗಳು. ಮುರಿದರೆ ಪ್ರೆಶರ್ರೇ ಇಲ್ಲ.

ಆದ್ದರಿಂದ ಕಟ್ಟುವಾಗ ಬರೀ ಸೀಲು, ಪ್ಯಾಕಿಂಗ್, ಪ್ಲೇಟುಗಳ ಕಿಟ್‌ಗೆ ನಿಲ್ಲಬೇಡಿ. ಗಟ್ಟಿಗೊಳಿಸಿದ ಸನ್ ಶೆಲ್, ಗಟ್ಟಿ ಪಂಪ್ ರಿಂಗ್, 29 ಎಲಿಮೆಂಟಿನ ಸ್ಪ್ರ್ಯಾಗ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಕ್ಲಚ್), ಕೊರ್ವೆಟ್ ಕಾರಿನಲ್ಲಿ ಬರುತ್ತಿದ್ದ ದೊಡ್ಡ 2-4 ಸರ್ವೊ, ಈ ನಾಲ್ಕಕ್ಕೆ ಖರ್ಚು ಮಾಡಿ. ಬುಷ್‌ಗಳನ್ನೂ ಬದಲಿಸಿ.

ಹೊಸ ಪ್ಲೇಟುಗಳನ್ನು ಹಾಕುವ ಮುನ್ನ ಆಟೊಮ್ಯಾಟಿಕ್ ಆಯಿಲ್‌ನಲ್ಲಿ ಚೆನ್ನಾಗಿ ನೆನೆಹಾಕಿ. ಸೀಲುಗಳ ತುಟಿ ಆಯಿಲ್ ಒತ್ತಡ ಬರುವ ದಿಕ್ಕಿಗೇ ಇರಬೇಕು. ಸವರಲು ಪೆಟ್ರೋಲಿಯಂ ಜೆಲ್ಲಿ ಸಾಕು; ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದು ಕರಗದೆ ಫಿಲ್ಟರ್ ಕಟ್ಟುತ್ತದೆ. 3-4 ಪ್ಲೇಟುಗಳ ನಡುವಿನ ಸಡಿಲವನ್ನು ಫೀಲರ್ ಗೇಜ್ ತೂರಿಸಿ ಅಳೆಯಿರಿ. 1 ಮಿ.ಮೀ. ಆಸುಪಾಸು ಇದ್ದರೆ ಸರಿ, ಹೆಚ್ಚಿದ್ದರೆ ದಪ್ಪದ ಪ್ಲೇಟ್ ಹಾಕಿ ಸರಿಮಾಡಿ. ಪ್ರತಿ ಡ್ರಮ್ ಕಟ್ಟಿದ ಮೇಲೆ ಆಯಿಲ್ ತೂತಿಗೆ ಕಂಪ್ರೆಸರ್ ಗಾಳಿಯನ್ನು 30-40 ಪಿಎಸ್‌ಐನಲ್ಲಿ ಬಿಡಿ. ‘ದಡ್’ ಎಂದು ಪಿಸ್ಟನ್ ಕೂತರೆ ಸೀಲು ಸರಿಯಿದೆ. ಬುಸ್ಸೆಂದು ಸೋರಿದರೆ ಮತ್ತೆ ಬಿಚ್ಚಿ. ಬೇಸರದ ಕೆಲಸ, ನಿಜ. ಗಾಡಿಯಡಿ ಮಲಗಿ ಮತ್ತೆ ಇಳಿಸುವುದಕ್ಕಿಂತ ವಾಸಿ. ಕೊನೆಗೆ ಪಂಪ್ ಕೂರಿಸಿ ಡಯಲ್ ಗೇಜಿನಿಂದ ಶಾಫ್ಟಿನ ಹಿಂದುಮುಂದಿನ ಆಟ ನೋಡಿ. ಅದು 0.005ರಿಂದ 0.036 ಇಂಚಿನ ಒಳಗಿರಬೇಕು.

ಇಳಿಸಿ ಏರಿಸುವುದು

ಬ್ಯಾಟರಿ ವೈರ್ ಕಳಚಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಜ್ಯಾಕ್ ಮಾತ್ರ ನಂಬಿ ಅಡಿಗೆ ಹೋಗಬೇಡಿ. ಪ್ರೊಪೆಲ್ಲರ್ ಶಾಫ್ಟ್, ಕೂಲರ್ ಪೈಪು, ಗೇರ್ ಲಿಂಕೇಜ್, ಸ್ಪೀಡೋಮೀಟರ್ ಕೇಬಲ್ ಬಿಚ್ಚಿ, ಎಂಜಿನ್ನಿನ ಹಿಂಬದಿಗೆ ಆಸರೆ ಕೊಟ್ಟು ಹಳೆಯದನ್ನು ಇಳಿಸಿ. ಟಿಎಚ್350ಕ್ಕೆ ಹೋಗುತ್ತಿದ್ದ ವ್ಯಾಕ್ಯೂಮ್ ನಳಿಕೆ ಇನ್ನು ಬೇಡ. ಎಂಜಿನ್ ಕಡೆಯ ಬಾಯಿ ಮುಚ್ಚಿಬಿಡಿ, ಇಲ್ಲದಿದ್ದರೆ ಗಾಳಿ ಎಳೆದು ಐಡ್ಲಿಂಗ್ ಕೆಡುತ್ತದೆ.

700ಆರ್4ರ ಉದ್ದ ಸುಮಾರು 30 ಮುಕ್ಕಾಲು ಇಂಚು. ಟಿಎಚ್350ರ ಬಾಲ, ಅಂದರೆ ಹಿಂತುದಿಯ ಕವಚ, 6 ಇಂಚಿನದಾಗಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನು ಸುಮಾರು 3 ಇಂಚು ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಬೇಕು. 9 ಇಂಚಿನ ಬಾಲವಿದ್ದರೆ ಹೆಚ್ಚಿನ ಸಲ ಇದ್ದದ್ದೇ ಹೊಂದುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ಪೆಟ್ಟಿಗೆಗೆ ಸೇರಿಸುವ ಯೋಕ್‌ನ ಸ್ಪ್ಲೈನ್ ಎರಡಕ್ಕೂ 27, ಹಾಗಾಗಿ ಯೋಕ್ ಬದಲಿಸಬೇಕಿಲ್ಲ. ಪೆಟ್ಟಿಗೆಯ ಕೆಳಗಿನ ಕ್ರಾಸ್‌ಮೆಂಬರ್ ಹಿಂದಕ್ಕೆ ಸರಿಯಬೇಕಾಗಬಹುದು. 1982ರ ನಂತರದ ಸಿ-10ಗಳಲ್ಲಿ ಈ ಪೆಟ್ಟಿಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಕಾರಣ ಲಿಂಕೇಜ್, ಸ್ಟೀರಿಂಗ್ ಕಾಲಂನ ಗೇರ್ ಸೂಚಕ ಮುಂತಾದವನ್ನು ಅಂಥ ಗಾಡಿಯಿಂದ ಹುಡುಕಬಹುದು. ಲಿಂಕೇಜ್ ಹೊಂದಿಸಿದ ಮೇಲೆ ‘ಪಾರ್ಕ್’ ನಿಜಕ್ಕೂ ಬೀಳುತ್ತದೆಯೇ, ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂದು ನೋಡದೆ ಕೆಲಸ ಮುಗಿಸಬೇಡಿ.

ಎಂಜಿನ್ನಿನ ತಿರುಗುವಿಕೆಯನ್ನು ಆಯಿಲ್ ಮೂಲಕ ಪೆಟ್ಟಿಗೆಗೆ ದಾಟಿಸುವ ಹಳೆಯ ಟಾರ್ಕ್ ಕನ್ವರ್ಟರನ್ನು ತೊಳೆದು ಮತ್ತೆ ಹಾಕುವ ಜಿಪುಣತನ ಬೇಡ. ಮುಚ್ಚಿದ ಡಬ್ಬಿಯೊಳಗಿನ ಲೋಹದ ಹುಡಿ ಪೂರ್ತಿ ಹೊರಬರುವುದಿಲ್ಲ. ಕೂಲರ್ ಪೈಪುಗಳನ್ನೂ ಚೆನ್ನಾಗಿ ಫ್ಲಶ್ ಮಾಡಿ. ಹೊಸ ಕನ್ವರ್ಟರನ್ನು ತಿರುಗಿಸುತ್ತ ಒಳಗೊತ್ತಿದಾಗ ಹಂತಹಂತವಾಗಿ ಕೆಳಗಿಳಿದು ಪಂಪಿನ ರೋಟರ್‌ಗೆ ಕಚ್ಚಬೇಕು. ಎಂಜಿನ್‌ಗೆ ಬೆಲ್ ಹೌಸಿಂಗ್ ಕೂತ ಮೇಲೆ ಕನ್ವರ್ಟರ್ ಮತ್ತು ಫ್ಲೆಕ್ಸ್‌ಪ್ಲೇಟ್ (ಎಂಜಿನ್ನಿನ ಹಿಂದಿನ ತೆಳು ತಟ್ಟೆ) ನಡುವೆ 3ರಿಂದ 5 ಮಿ.ಮೀ. ಸಂದು ಉಳಿಯಬೇಕು. ಸಂದೇ ಇಲ್ಲದಿದ್ದರೆ ಕನ್ವರ್ಟರ್ ಕೂತಿಲ್ಲ. ಆಗ ಬೋಲ್ಟ್ ಟೈಟ್ ಮಾಡಿ ಎಳೆದರೆ ಪಂಪ್ ಒಡೆದೇಹೋಗುತ್ತದೆ.

ಪೆಟ್ಟಿಗೆ ಉಳಿಸುವ ಕೇಬಲ್

ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಎಂದು ಕರೆಯುವ ಈ ತಂತಿಯನ್ನು ಹಲವರು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವ ಕಿಕ್‌ಡೌನ್ ಕೇಬಲ್ ಎಂದುಕೊಂಡು ಸದರ ಮಾಡುತ್ತಾರೆ. ಟಿಎಚ್350ರಲ್ಲಿ ಅಂಥ ಕೇಬಲ್ ಇಲ್ಲದೆಯೂ ಗಾಡಿ ಓಡುತ್ತಿತ್ತು. ಇಲ್ಲಿ ಹಾಗಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂದು ಪೆಟ್ಟಿಗೆಗೆ ತಿಳಿಸುವುದು ಇದೊಂದೇ. ಅದರ ಮೇಲೆಯೇ ಆಯಿಲ್ ಪ್ರೆಶರ್, ಗೇರು ಬದಲಾಗುವ ಹೊತ್ತು ಎರಡೂ ನಿಂತಿವೆ. ಕೇಬಲ್ ಸಡಿಲವಾದರೆ ಗೇರುಗಳು ಬೇಗ, ಬೆಣ್ಣೆಯಂತೆ ಬದಲಾಗುತ್ತವೆ. ಓಡಿಸುವವರಿಗೆ ಖುಷಿ. ಒಳಗೆ ಮಾತ್ರ ಪ್ರೆಶರ್ ಸಾಲದೆ 3-4 ಪ್ಲೇಟುಗಳು ಜಾರುತ್ತ ಸುಡುತ್ತಿರುತ್ತವೆ. ಹೊಸದಾಗಿ ಕಟ್ಟಿದ ಪೆಟ್ಟಿಗೆ ಮೊದಲ ಸವಾರಿಯಲ್ಲೇ ಕೆಡುವುದು ಬಹುಮಟ್ಟಿಗೆ ಹೀಗೆ.

ಹಳೆ ಕಾರ್ಬುರೇಟರ್‌ಗೆ ಕೇಬಲ್ ಸುಮ್ಮನೆ ಸಿಕ್ಕಿಸಿದರೆ ಸಾಲದು. ಕೊಂಡಿ ಸಿಕ್ಕಿಸುವ ಜಾಗ ಥ್ರಾಟಲ್ ಶಾಫ್ಟಿನಿಂದ ಸರಿಯಾದ ದೂರ, ಸರಿಯಾದ ಕೋನದಲ್ಲಿ ಇರಬೇಕು. ನಿಮ್ಮ ಕಾರ್ಬುರೇಟರ್‌ಗೇ ಮಾಡಿದ ಬ್ರ್ಯಾಕೆಟ್ ಕೊಳ್ಳಿ. ಹೊಂದಿಸುವ ಕ್ರಮ ಇದು: ಕೇಬಲ್ ಮೇಲಿನ ಗುಂಡಿ ಒತ್ತಿ ಹಿಡಿದು ಜಾರುಗಟ್ಟಿಯನ್ನು ಕಾರ್ಬುರೇಟರ್‌ನಿಂದ ದೂರಕ್ಕೆ, ನಿಲ್ಲುವವರೆಗೂ ತಳ್ಳಿ. ಗುಂಡಿ ಬಿಟ್ಟು, ಥ್ರಾಟಲ್ಲನ್ನು ಕೊನೆಯವರೆಗೆ ತೆರೆಯಿರಿ. ಟಕಟಕ ಎನ್ನುತ್ತ ಅದು ತಾನಾಗಿ ತನ್ನ ಜಾಗಕ್ಕೆ ಬರುತ್ತದೆ.

ಇಷ್ಟನ್ನೇ ನಂಬಬೇಡಿ. ಪೆಟ್ಟಿಗೆಯ ಎಡಬದಿ, ಗೇರ್ ಲಿವರ್ ಮೇಲ್ಗಡೆ ಇರುವ ಪ್ಲಗ್ ತೆಗೆದು ಪ್ರೆಶರ್ ಗೇಜ್ ಹಾಕಿ. ಐಡ್ಲಿಂಗ್‌ನಲ್ಲಿ 60 ಪಿಎಸ್‌ಐ ಆಸುಪಾಸು ಇರಬೇಕು. ಕಾರ್ಬುರೇಟರ್ ಮುಟ್ಟದೆ ಕೇಬಲ್ ಮಾತ್ರ ಎಳೆದರೆ ಮುಳ್ಳು ಎಳೆದಂತೆಲ್ಲ ಏರಿ, ಎರಡು ಪಟ್ಟು ದಾಟಬೇಕು.

ಲಾಕಪ್, ಆಯಿಲ್, ಮೊದಲ ಸವಾರಿ

ಓವರ್‌ಡ್ರೈವ್‌ನಲ್ಲಿ ಕನ್ವರ್ಟರ್ ಜಾರದಂತೆ ಬಿಗಿಹಿಡಿಯುವ ಲಾಕಪ್ ಕ್ಲಚ್‌ಗೆ ಹಲವು ಕಾರ್ಖಾನೆ ಗಾಡಿಗಳಲ್ಲಿ ಕಂಪ್ಯೂಟರ್ ಆಜ್ಞೆ ಕೊಡುತ್ತಿತ್ತು. ನಿಮ್ಮಲ್ಲಿ ಕಂಪ್ಯೂಟರ್ ಇಲ್ಲ. 12 ವೋಲ್ಟನ್ನು ಬ್ರೇಕ್ ಸ್ವಿಚ್ ಮೂಲಕ ತಂದು, ನಾಲ್ಕನೇ ಗೇರಿನ ಪ್ರೆಶರ್ ಸ್ವಿಚ್ ಮೂಲಕ ಅರ್ತ್ ಮಾಡುವ ಕಿಟ್‌ಗಳು ಸಿಗುತ್ತವೆ. ಬ್ರೇಕ್ ಒತ್ತಿದಾಗ ಲಾಕಪ್ ಬಿಡಲೇಬೇಕು, ಇಲ್ಲದಿದ್ದರೆ ಎಂಜಿನ್ ನಿಂತುಹೋಗುತ್ತದೆ. ವೈರಿಂಗ್ ಆಮೇಲೆ ನೋಡೋಣವೆಂದು ಬಿಟ್ಟರೆ ಹೆದ್ದಾರಿಯಲ್ಲಿ ಆಯಿಲ್ ಅತಿಯಾಗಿ ಕಾಯುತ್ತದೆ. ಭಾರ ಎಳೆಯುವವರು ರೇಡಿಯೇಟರ್ ಮುಂದೆ ಪ್ರತ್ಯೇಕ ಕೂಲರ್ ಹಾಕಿಸಿ.

ಪೂರ್ತಿ ಖಾಲಿ ಪೆಟ್ಟಿಗೆಗೆ ಕನ್ವರ್ಟರ್ ಸೇರಿ ಸುಮಾರು 10 ಲೀಟರ್ ಡೆಕ್ಸ್‌ರಾನ್ ಆಯಿಲ್ ಹಿಡಿಯುತ್ತದೆ. ಅರ್ಧದಷ್ಟು ಹಾಕಿ ಸ್ಟಾರ್ಟ್ ಮಾಡಿ, ಕೂಡಲೇ ಉಳಿದದ್ದನ್ನು ಸುರಿಯುತ್ತ ಬನ್ನಿ. ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ತೆಗೆದು, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ, ಪಾರ್ಕ್‌ನಲ್ಲಿ ಮಟ್ಟ ನೋಡಿ.

ಮೊದಲ ಸವಾರಿ ಮನೆಯ ಸುತ್ತಮುತ್ತ, ಹಗುರ ಕಾಲಿನಲ್ಲಿ ಇರಲಿ. ಮೂರನೇ ಗೇರಿಗೆ ಬೀಳುವಾಗ ಎಂಜಿನ್ ಒಮ್ಮೆಲೇ ಗುಯ್ಯೆಂದು ಏರಿದರೆ ಆಗಲೇ ನಿಲ್ಲಿಸಿ, ಮತ್ತೆ ಗೇಜ್ ಹಾಕಿ. ಎಲ್ಲ ಸರಿಯಿದ್ದರೂ ಕೆಲವು ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ ಪ್ಯಾನ್ ಬಿಚ್ಚಿ. ಮ್ಯಾಗ್ನೆಟ್ಟಿನ ಮೇಲೆ ಬೂದು ಬಣ್ಣದ ತೆಳು ಲೇಪ ಸಹಜ. ಚೂರುಗಳು ಕಂಡರೆ ಅಲ್ಲ. ಫಿಲ್ಟರ್, ಆಯಿಲ್ ಬದಲಿಸಿ ಪ್ಯಾನ್ ಮುಚ್ಚಿ.