ಅಳಿಸಿದರೂ ಹೋಗದ ಲೇಯರ್‌ಗಳು

ಬೇರೆಯವರಿಂದ ಬಂದ ಆಟೋಕ್ಯಾಡ್ (ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ) ನಕ್ಷೆಯೊಂದರಲ್ಲಿ ಬೇಡದ ಲೇಯರ್‌ಗಳು, ಅಂದರೆ ಗೆರೆಗಳನ್ನು ವಿಂಗಡಿಸಿಡುವ ಪದರಗಳು, ತುಂಬಿದ್ದವು. ಬಳಕೆಯಲ್ಲಿಲ್ಲದ್ದನ್ನು ತೆಗೆಯುವ ಪರ್ಜ್ ಆದೇಶ ಕೊಟ್ಟಾಗ ಕೆಲವು ಹೋದವು, ಉಳಿದವು ಜಪ್ಪಯ್ಯ ಎನ್ನಲಿಲ್ಲ. ಪರದೆಯಲ್ಲಿ ಆ ಲೇಯರ್‌ಗಳ ಒಂದು ಗೆರೆಯೂ ಕಾಣುತ್ತಿರಲಿಲ್ಲ.

ಲೇಯರ್‌ಗಳಲ್ಲಿ ಪರ್ಜ್ ಅಳಿಸುವುದು ನಕ್ಷೆಯಲ್ಲಿ ಎಲ್ಲೂ ಬಳಕೆಯಾಗದವನ್ನು ಮಾತ್ರ. ಆಟೋಕ್ಯಾಡ್ ತಾನೇ ಸೃಷ್ಟಿಸುವ 0 ಮತ್ತು ಡೆಫ್‌ಪಾಯಿಂಟ್ಸ್ ಲೇಯರ್‌ಗಳನ್ನು, ಸದ್ಯ ಚಾಲ್ತಿಯಲ್ಲಿರುವ ಲೇಯರನ್ನು ಅದು ಮುಟ್ಟುವುದಿಲ್ಲ. ಹೆಸರಿನ ನಡುವೆ ಲಂಬ ಗೆರೆಯಿದ್ದರೆ ಆ ಲೇಯರ್ ನಕ್ಷೆಗೆ ಜೋಡಿಸಿದ ಹೊರಗಿನ ಉಲ್ಲೇಖ ಕಡತದ್ದು. ಆ ಕಡತವನ್ನು ಡಿಟ್ಯಾಚ್ ಮಾಡಿದರೆ (ನಕ್ಷೆಯಿಂದ ಬೇರ್ಪಡಿಸಿದರೆ) ಅದೂ ಹೋಗುತ್ತದೆ.

ನನ್ನನ್ನು ಕಾಡಿದ್ದು ಬ್ಲಾಕ್‌ಗಳು, ಅಂದರೆ ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪುಗಳು. ಬಾಗಿಲಿನ ಬ್ಲಾಕ್‌ನೊಳಗೆ ಇನ್ನೊಂದು ಬ್ಲಾಕ್, ಅದರೊಳಗೆ ಹಳೆಯ ಲೇಯರ್‌ನ ಒಂದು ಪುಟ್ಟ ಗೆರೆ. ಆ ಲೇಯರ್ ಆಫ್ ಆಗಿದ್ದರಿಂದ ಗೆರೆ ಕಣ್ಣಿಗೆ ಬೀಳಲಿಲ್ಲ. ಎಲ್ಲ ಲೇಯರ್‌ಗಳನ್ನೂ ಆನ್ ಮಾಡಿ, ಥಾ ಮಾಡಿ (ಫ್ರೀಜ್ ತೆಗೆದು), ಅನ್‌ಲಾಕ್ ಮಾಡಿ, ಬ್ಲಾಕ್ ಎಡಿಟರ್‌ನಲ್ಲಿ ತೆರೆದು ನೋಡಿದಾಗ ಗುಟ್ಟು ಬಯಲಾಯಿತು. ಬೇಕಾದ ಗೆರೆಗಳನ್ನು 0 ಲೇಯರ್‌ಗೆ ಸರಿಸಿ ಉಳಿಸಿದೆ. ಬಳಿಕ ಪರ್ಜ್‌ನಲ್ಲಿ ಒಳಸೇರಿದ ಅಂಶಗಳನ್ನೂ ತೆಗೆಯುವ ಆಯ್ಕೆಗೆ ಗುರುತು ಹಾಕಿದೆ. ಈ ಬಾರಿ ಅವು ಹೊರಟವು!

ಲೇಡೆಲ್ ಆದೇಶ ಇದಕ್ಕಿಂತ ಬೇಗ ಕೆಲಸ ಮುಗಿಸುತ್ತದೆ. ಆದರೆ ಅದು ಲೇಯರ್‌ನ ಜೊತೆಗೆ ಅದರಲ್ಲಿರುವುದೆಲ್ಲವನ್ನೂ, ಬ್ಲಾಕ್‌ಗಳ ಒಳಗಿನದನ್ನೂ, ಅಳಿಸಿಬಿಡುತ್ತದೆ. ಬೇರೊಬ್ಬರ ಶ್ರಮದ ನಕ್ಷೆಯ ಮೇಲೆ ಅದನ್ನು ಕಣ್ಣುಮುಚ್ಚಿ ಬಳಸುವುದು ನನಗೆ ಒಪ್ಪಿಗೆಯಿಲ್ಲ. ವಸ್ತುಗಳು ಉಳಿಯಬೇಕು, ಲೇಯರ್ ಮಾತ್ರ ಹೋಗಬೇಕು ಎಂದಾದರೆ ಲೇಮರ್ಜ್ (LAYMRG) ಆದೇಶ ಒಳ್ಳೆಯದು: ಅದು ಎಲ್ಲವನ್ನೂ ನಾವು ಹೇಳಿದ ಲೇಯರ್‌ಗೆ ಸೇರಿಸಿ ಹಳೆಯದನ್ನು ತೆಗೆಯುತ್ತದೆ. ಎರಡರಲ್ಲಿ ಯಾವುದನ್ನು ಬಳಸಿದರೂ ಮೊದಲು ಕಡತದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.